ಪದಪಟ್ಟಿಯ ಹಿಂದಿನ ಪಾದ್ರಿ

ಬಿಳಿಗಿರಿರಂಗನ ಬೆಟ್ಟದ ಬಸ್ಸಲ್ಲಿ ಕೂತು ಮೊಬೈಲಲ್ಲಿ ಇಂಗ್ಲಿಷ್ ಪದದಾಟ ಆಡ್ತಿದ್ದೆ. ಕೊಟ್ಟ ಅಕ್ಷರಗಳಿರುವ ಪದ ಹುಡುಕುವ ಪ್ರೋಗ್ರಾಂ ಬರೆಯೋದು ನಮ್ಮಂಥ ಎಂಜಿನಿಯರಿಂಗ್ ಓದಿದವರಿಗೆ ಹತ್ತು ಸಾಲಿನ ಕೆಲಸ. ಆದರೆ ಅದಕ್ಕೂ ಮೊದಲು ಯಾರೋ ಪದಗಳನ್ನು ಕೂಡಿಟ್ಟಿರಬೇಕಲ್ಲ? ಕನ್ನಡದಲ್ಲಿ ಆ ಕೂಲಿ ಮಾಡಿದವರು ಫರ್ಡಿನೆಂಡ್ ಕಿಟೆಲ್.

1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. 1853ರಲ್ಲಿ ಬಾಸೆಲ್ ಮಿಷನ್ ಪರವಾಗಿ ಇಲ್ಲಿಗೆ ಬಂದು ಮಂಗಳೂರು, ಧಾರವಾಡ, ಮಡಿಕೇರಿಗಳಲ್ಲಿ ದುಡಿದರು. ಮತಪ್ರಚಾರಕ್ಕೆ ಬಂದ ಮನುಷ್ಯ ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಸಂಪಾದಿಸುತ್ತಾ ಕೂತರು! ಹಳಗನ್ನಡ ಕಾವ್ಯದ ಪದ ಬಂದ ನಿಘಂಟಿಗೇ ಜನರ ಬಾಯಲ್ಲಿದ್ದ ಗಾದೆಗಳನ್ನೂ ತಂದರು. ಪಂಡಿತರ ಮಾತು, ಹಳ್ಳಿಯವರ ಮಾತು ಎರಡಕ್ಕೂ ಒಂದೇ ಪುಟ. ನನಗೆ ಕಿಟೆಲ್ ದೊಡ್ಡವರಾಗಿ ಕಾಣೋದು ಇಲ್ಲೇ. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಆ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಕಂಪ್ಯೂಟರಿಲ್ಲ, ಎಲ್ಲ ಕೈಬರಹ. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು, ಅದೇ ವರ್ಷ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು.

ಹಿಂದಿನ ಸೀಟಲ್ಲಿ ಇಬ್ಬರು ಸೋಲಿಗ ಹೆಂಗಸರು ಮಾತಾಡ್ತಿದ್ದರು. ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಈ ಕಾಡಿನ ಮೇಲೆ ಸೋಲಿಗರ ಸಮುದಾಯದ ಹಕ್ಕಿಗೆ 2011ರಲ್ಲಿ ಮಾನ್ಯತೆ ಸಿಕ್ಕಿದೆ. ಅವರು ಮರಕ್ಕೆ, ಜೇನಿಗೆ ಇಟ್ಟ ಹೆಸರು ಮಾತ್ರ ನನ್ನ ಫೋನಿನ ಪದಪಟ್ಟಿಯಲ್ಲಿ ಯಾವ ಅಕ್ಷರ ಕೊಟ್ಟರೂ ಸಿಗಲ್ಲ.