ಚಂದ್ರನಿಗೆ ಹೆಸರಿಟ್ಟ ಗುರು ರಿಚ್ಚೋಲಿ

1969ರ ಜುಲೈ ತಿಂಗಳಲ್ಲಿ ಮಾನವನು ಮೊತ್ತಮೊದಲು ಕಾಲಿರಿಸಿದ ಚಂದ್ರನ ನೆಲಕ್ಕೆ ಶಾಂತಿಸಾಗರವೆಂದು ಹೆಸರು. ಈ ಹೆಸರನ್ನಿಟ್ಟವರು ಗಗನಯಾತ್ರಿಗಳಲ್ಲ. ಅದಕ್ಕೂ 318 ವರ್ಷಗಳ ಹಿಂದೆ ಇಟಲಿಯ ಬೊಲೋನ್ಯ ನಗರದಲ್ಲಿದ್ದ ಯೇಸುಸಭೆಯ ಗುರು ಜೊವಾನ್ನಿ ಬತ್ತಿಸ್ತಾ ರಿಚ್ಚೋಲಿ.

1598ರಲ್ಲಿ ಫೆರ್ರಾರಾದಲ್ಲಿ ಜನಿಸಿದ ರಿಚ್ಚೋಲಿ ಹದಿನಾರನೆಯ ವಯಸ್ಸಿನಲ್ಲಿ ಯೇಸುಸಭೆಯನ್ನು ಸೇರಿದರು. ಪಾರ್ಮಾದಲ್ಲಿ ಜುಸೆಪ್ಪೆ ಬಿಯಾಂಕಾನಿ ಎಂಬ ಗುರುವಿನಿಂದ ಖಗೋಳಶಾಸ್ತ್ರದ ರುಚಿ ಹತ್ತಿತು. ಆದರೆ ಅವರ ಮುಖ್ಯ ಕಾಯಕ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರದ ಬೋಧನೆ. 1636ರಲ್ಲಿ ಬೊಲೋನ್ಯಕ್ಕೆ ಬಂದ ಮೇಲೆ ಆಕಾಶವೀಕ್ಷಣೆಯು ಅವರ ಬದುಕಿನ ದೊಡ್ಡ ಪಾಲನ್ನೇ ಆಕ್ರಮಿಸಿತು.

ಅವರ ತಾಳ್ಮೆ ಅಸಾಧಾರಣವಾದುದು. ಸರಿಯಾಗಿ ಸೆಕೆಂಡಿಗೊಮ್ಮೆ ತೂಗುವ ಲೋಲಕವೊಂದನ್ನು ಸಿದ್ಧಪಡಿಸಬೇಕೆಂದು ಒಂಬತ್ತು ಮಂದಿ ಗುರುಗಳನ್ನು ಕೂಡಿಸಿ, ಹಗಲಿರುಳು 24 ಗಂಟೆಗಳ ಕಾಲ ಅದರ ತೂಗಾಟಗಳನ್ನು ಎಣಿಸಿದರು. ಬೊಲೋನ್ಯದ ಸುಮಾರು 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರದಿಂದ ಗುಂಡುಗಳನ್ನು ಬೀಳಿಸಿ ವೇಗವನ್ನು ಅಳೆದರು. ಬೀಳುವ ವಸ್ತುಗಳ ಬಗ್ಗೆ ಗೆಲಿಲಿಯೊ ಹೇಳಿದ ನಿಯಮವೇ ಸರಿಯೆಂದು ಕಂಡಾಗ ಅದನ್ನು ಮುಚ್ಚಿಡದೆ ದಾಖಲಿಸಿದರು.

1651ರಲ್ಲಿ ಪ್ರಕಟವಾದ ಅವರ ಮಹಾಗ್ರಂಥ ‘ಅಲ್ಮಜೆಸ್ತುಮ್ ನೋವುಮ್’ 1500ಕ್ಕೂ ಮಿಕ್ಕಿದ ದೊಡ್ಡ ಪುಟಗಳನ್ನೊಳಗೊಂಡಿದೆ. ಚಂದ್ರನ ಪ್ರಸಿದ್ಧ ನಕ್ಷೆ ಇರುವುದು ಇದರಲ್ಲಿಯೇ. ನಕ್ಷೆಯನ್ನು ರಚಿಸಿದವರು ಅವರ ಕಿರಿಯ ಸಹೋದ್ಯೋಗಿ ಗುರು ಫ್ರಾನ್ಸೆಸ್ಕೊ ಗ್ರಿಮಾಲ್ದಿ, ಹೆಸರುಗಳು ರಿಚ್ಚೋಲಿಯವರವು. ಅದಕ್ಕೆ ಮುನ್ನ ಲಾಂಗ್ರೆನುಸ್ ಎಂಬಾತ ರಾಜಮಹಾರಾಜರ ಹೆಸರುಗಳನ್ನೂ, ಹೆವೆಲಿಯುಸ್ ಎಂಬಾತ ಭೂಮಿಯ ನಾಡು ಬೆಟ್ಟಗಳ ಹೆಸರುಗಳನ್ನೂ ಚಂದ್ರನಿಗೆ ಹಚ್ಚಿದ್ದರು. ಅವುಗಳಲ್ಲಿ ಹೆಚ್ಚಿನವು ಮರೆಯಾದವು. ರಿಚ್ಚೋಲಿ ಕುಳಿಗಳಿಗೆ ವಿದ್ವಾಂಸರ ಹೆಸರನ್ನಿಟ್ಟರು. ಕಪ್ಪು ಬಯಲುಗಳಿಗೆ, ಚಂದ್ರನು ಹವಾಮಾನವನ್ನು ಆಳುತ್ತಾನೆಂಬ ಅಂದಿನ ನಂಬಿಕೆಯಂತೆ, ಪ್ರಸನ್ನತೆ, ಮಳೆ, ಮೋಡ, ಬಿರುಗಾಳಿಗಳ ಸಾಗರಗಳೆಂದು ಹೆಸರಿಟ್ಟರು. ಆದರೆ ಚಂದ್ರನಲ್ಲಿ ಮನುಷ್ಯರ ವಾಸವಿಲ್ಲ, ಆತ್ಮಗಳು ಅಲ್ಲಿಗೆ ವಲಸೆ ಹೋಗುವುದೂ ಇಲ್ಲವೆಂದು ನಕ್ಷೆಯ ತಲೆಯಲ್ಲಿಯೇ ಬರೆಯಿಸಲು ಅವರು ಮರೆಯಲಿಲ್ಲ.

ಆ ಸಾಗರಗಳು ನಿಜವಾಗಿ ಹೆಪ್ಪುಗಟ್ಟಿದ ಲಾವಾರಸದ ಬಯಲುಗಳು. ಸುಮಾರು 450 ಕೋಟಿ ವರ್ಷಗಳ ಹಿಂದೆ ಎಳೆಯ ಭೂಮಿಗೆ ಮಂಗಳಗ್ರಹದಷ್ಟು ದೊಡ್ಡ ಕಾಯವೊಂದು ಅಪ್ಪಳಿಸಿ, ಸಿಡಿದ ದ್ರವ್ಯವು ಒಂದುಗೂಡಿ ಚಂದ್ರನಾಯಿತೆಂದು ಇಂದಿನ ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಆಮೇಲೆ ಬಿದ್ದ ಬಂಡೆಗಳು ಕುಳಿಗಳನ್ನು ತೋಡಿದವು. ದೊಡ್ಡ ತಗ್ಗುಗಳಲ್ಲಿ ಒಳಗಿನಿಂದ ಉಕ್ಕಿದ ಲಾವಾ ತುಂಬಿ ಕಪ್ಪಾಯಿತು. ಅಪೊಲೊ ಯಾತ್ರಿಗಳು ತಂದ 382 ಕಿಲೊ ಕಲ್ಲುಮಣ್ಣು ಈ ವಿಚಾರಗಳಿಗೆ ಬಲವಾದ ಆಧಾರವನ್ನು ಒದಗಿಸಿತು.

ಇನ್ನು ಕಠಿಣವಾದ ಪ್ರಶ್ನೆ. ಭೂಮಿಯು ಸೂರ್ಯನನ್ನು ಸುತ್ತುತ್ತದೆಂಬ ಕೊಪರ್ನಿಕುಸನ ಮತವನ್ನು ಧರ್ಮಸಭೆಯ ಅಧಿಕಾರಿಗಳು 1616ರಲ್ಲಿ ಖಂಡಿಸಿದ್ದರು. 1633ರಲ್ಲಿ ಗೆಲಿಲಿಯೊಗೆ ಶಿಕ್ಷೆಯಾಗಿತ್ತು. ರಿಚ್ಚೋಲಿ ಆ ಮತವನ್ನು ಒಪ್ಪಲಿಲ್ಲ. ವಿಧೇಯತೆಗೆ ಕಟ್ಟುಬಿದ್ದು ಹಾಗೆ ಬರೆದರೇ? ಕೆಲವರು ಹಾಗೆಂದು ಶಂಕಿಸಿದ್ದಾರೆ. ವಿಧೇಯತೆಯ ಭಾರ ಇರಲಿಲ್ಲವೆಂದು ನಾವು ಹೇಳಲಾರೆವು. ಆದರೆ ಅವರು ಭೂಚಲನೆಯ ಪರವಾಗಿ 49, ವಿರುದ್ಧವಾಗಿ 77 ವಾದಗಳನ್ನು ಮುಂದಿಟ್ಟು ತೂಗಿದರೆಂಬುದನ್ನು ಮರೆಯಬಾರದು. ಭೂಮಿ ತಿರುಗುತ್ತಿದ್ದರೆ ಉತ್ತರಕ್ಕೆ ಹಾರಿಸಿದ ಫಿರಂಗಿ ಗುಂಡು ಸ್ವಲ್ಪ ಓರೆಯಾಗಿ ಹೋಗಬೇಕು, ಹಾಗೆ ಕಾಣುವುದಿಲ್ಲವಲ್ಲ ಎಂಬುದು ಅವುಗಳಲ್ಲೊಂದು. ತರ್ಕ ಸರಿಯಾಗಿಯೇ ಇತ್ತು. ಗುಂಡು ನಿಜಕ್ಕೂ ಓರೆಯಾಗುತ್ತದೆ; ಆದರೆ ಅಷ್ಟು ಅಲ್ಪವನ್ನು ಅಳೆಯುವ ಸಾಧನ ಅಂದು ಇರಲಿಲ್ಲ. ತಪ್ಪು ನಿರ್ಣಯಕ್ಕೆ ಬಂದ ಎಲ್ಲರನ್ನೂ ಅಜ್ಞಾನಿಗಳೆಂದು ತಳ್ಳಿಹಾಕುವುದು ತತ್ತ್ವಶಾಸ್ತ್ರ ಓದಿದ ನಮಗೆ ಸರಿಕಾಣದು.

ಚಂದ್ರನ ನಕ್ಷೆಯಲ್ಲಿ ಮಾತ್ರ ರಿಚ್ಚೋಲಿ ಕೊಪರ್ನಿಕುಸನಿಗೆ ಸುಮಾರು 93 ಕಿಲೊಮೀಟರ್ ಅಗಲದ, ಬರಿಗಣ್ಣಿಗೂ ಬೆಳ್ಳಗಿನ ಮಚ್ಚೆಯಾಗಿ ಗೋಚರಿಸುವ ಭವ್ಯ ಕುಳಿಯನ್ನು ಕೊಟ್ಟರು. ಅದಿರುವುದು ಬಿರುಗಾಳಿಗಳ ಮಹಾಸಾಗರದಲ್ಲಿ. ಕೊಪರ್ನಿಕುಸನನ್ನು ತಾವೇ ಆ ಸಾಗರಕ್ಕೆ ಎಸೆದುದಾಗಿ ವಿನೋದದಿಂದ ಹೇಳಿಕೊಂಡರು. ಇದು ಶಿಕ್ಷೆಯೋ, ಗುಟ್ಟಾಗಿ ಸಲ್ಲಿಸಿದ ಗೌರವವೋ? ವಿರೋಧಿಗೆ ಅಷ್ಟು ಸೊಗಸಾದ ಸ್ಥಾನವನ್ನು ಯಾರೂ ಅನ್ಯಮನಸ್ಕರಾಗಿ ಕೊಡುವುದಿಲ್ಲವೆಂದೇ ನಮ್ಮ ಭಾವನೆ.

2019ರಲ್ಲಿ ನಮ್ಮ ಇಸ್ರೊ ಸಂಸ್ಥೆಯು ವಿಕ್ರಮ್ ನೌಕೆಯನ್ನು ಇಳಿಸಲು ಆರಿಸಿಕೊಂಡ ಜಾಗವು ಮಂಜಿನುಸ್ ಮತ್ತು ಸಿಂಪೆಲಿಯುಸ್ ಹೆಸರಿನ ಚಿಕ್ಕ ಕುಳಿಗಳ ನಡುವೆ ಇತ್ತು. ಮೊದಲನೆಯವರು ಬೊಲೋನ್ಯದ ಖಗೋಳಜ್ಞ. ಎರಡನೆಯವರು ಸ್ಕಾಟ್ಲೆಂಡಿನ ಯೇಸುಸಭೆಯ ಗಣಿತಜ್ಞ ಗುರು.

ಗ್ರಿಮಾಲ್ದಿ 1663ರಲ್ಲಿ, ಕೇವಲ 45ರ ಪ್ರಾಯದಲ್ಲಿ ತೀರಿಕೊಂಡರು. ರಿಚ್ಚೋಲಿ 1671ರಲ್ಲಿ ಬೊಲೋನ್ಯದಲ್ಲಿಯೇ ನಿಧನರಾದರು. ಇಬ್ಬರ ಹೆಸರಿನ ಕುಳಿಗಳೂ ಚಂದ್ರನ ಪಶ್ಚಿಮದ ಅಂಚಿನಲ್ಲಿ ಒಂದರ ಪಕ್ಕದಲ್ಲೊಂದಿವೆ. ಹುಣ್ಣಿಮೆಯ ರಾತ್ರಿ ಸಾಧಾರಣ ದುರ್ಬೀನಿನಲ್ಲಿ ನೋಡಿದರೆ ಗ್ರಿಮಾಲ್ದಿಯ ಕಪ್ಪು ತಳ ಸ್ಪಷ್ಟವಾಗಿ ಕಾಣುತ್ತದೆ. ರಿಚ್ಚೋಲಿಯನ್ನು ಗುರುತಿಸಲು ಸ್ವಲ್ಪ ಹುಡುಕಬೇಕು.