ಹಕ್ಕಿಯ ಜೊತೆ ಅದರ ನೆಲೆಯನ್ನೂ ನೋಡಿದ ಸಲೀಂ ಅಲಿ

ಭಾರತದಲ್ಲಿ ಹಕ್ಕಿಗಳ ಮಾತು ಬಂದರೆ ಮೊದಲು ನೆನಪಾಗುವ ಹೆಸರು ಸಲೀಂ ಅಲಿ. 1896ರ ನವೆಂಬರ್ 12ರಂದು ಮುಂಬೈಯಲ್ಲಿ ಹುಟ್ಟಿದ ಅವರು ಅದೇ ಊರಿನಲ್ಲಿ 1987ರ ಜೂನ್ 20ರಂದು ತೀರಿಕೊಂಡರು. ಈ ತೊಂಬತ್ತು ವರ್ಷಗಳಲ್ಲಿ ಅವರು ಮಾಡಿದ್ದು ಹಕ್ಕಿಗಳಿಗೆ ಹೆಸರಿಡುವ, ಪಟ್ಟಿ ಮಾಡುವ ಕೆಲಸ ಮಾತ್ರ ಅಲ್ಲ. ಒಂದು ಹಕ್ಕಿ ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ, ಯಾವ ನೀರು, ಯಾವ ಮರ, ಯಾವ ಪ್ರಾಣಿಯನ್ನು ನಂಬಿ ಬದುಕುತ್ತದೆ ಎಂದು ಕೇಳುವುದನ್ನು ಅವರು ನಮಗೆ ಕಲಿಸಿದರು. ಇದೇ ಪ್ರಶ್ನೆ ಕೊನೆಗಾಲದಲ್ಲಿ ಅವರ ನಿಲುವನ್ನೇ ಪರೀಕ್ಷೆಗೆ ಒಡ್ಡಿತು.

ಗುಬ್ಬಚ್ಚಿಯಿಂದ ಆರಂಭ

ಸಲೀಂ ಒಂದು ವರ್ಷದ ಮಗುವಾಗಿದ್ದಾಗ ತಂದೆ ತೀರಿಕೊಂಡರು, ಮೂರು ವರ್ಷವಾಗುವಷ್ಟರಲ್ಲಿ ತಾಯಿಯೂ ಇಲ್ಲವಾದರು. ಖೇತ್‌ವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಅವರನ್ನು ಸಾಕಿದರು. ಮಾವ ಬೇಟೆಯ ಶೋಕಿಯವರು. ಅವರು ಕೊಟ್ಟ ಏರ್‌ಗನ್ನಿನಿಂದ ಹುಡುಗ ಒಮ್ಮೆ ಗುಬ್ಬಚ್ಚಿಯೊಂದನ್ನು ಹೊಡೆದ. ಅದರ ಕೊರಳಿನ ಮೇಲೆ ಹಳದಿ ಬಣ್ಣದ ಮಚ್ಚೆ ಇತ್ತು. ಇದು ಯಾವ ಹಕ್ಕಿ ಎಂದು ತಿಳಿಯಲು ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲಾರ್ಡ್ ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಸೊಸೈಟಿಯಲ್ಲಿದ್ದ ಹಕ್ಕಿಗಳ ಸಂಗ್ರಹವನ್ನೂ ತೋರಿಸಿದರು. ಅಂದು ಬೆಳೆದ ನಂಟು ಜೀವನಪೂರ್ತಿ ಉಳಿಯಿತು.

ದಾರಿ ಮಾತ್ರ ನೇರವಾಗಿರಲಿಲ್ಲ. ಮನೆಯವರ ವ್ಯಾಪಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರು. ವ್ಯಾಪಾರಕ್ಕಿಂತ ಕಾಡಿನ ಹಕ್ಕಿಗಳೇ ಅವರನ್ನು ಹೆಚ್ಚು ಸೆಳೆದವು. ಮರಳಿ ಬಂದು ಪ್ರಾಣಿಶಾಸ್ತ್ರ ಓದಿದರು, 1918ರಲ್ಲಿ ತೆಹ್ಮಿನಾ ಅವರನ್ನು ಮದುವೆಯಾದರು. 1926ರಲ್ಲಿ ಮುಂಬೈನ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ರಜೆ ಪಡೆದು ಜರ್ಮನಿಗೆ ಹೋಗಿ ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ತರಬೇತಿ ಪಡೆದರು. 1930ರಲ್ಲಿ ಹಿಂದಿರುಗಿದಾಗ ಹಣವಿಲ್ಲವೆಂದು ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಗೀಜಗ ಕಲಿಸಿದ ಪಾಠ

ಕೆಲಸವಿಲ್ಲದ ಆ ದಿನಗಳಲ್ಲಿ ದಂಪತಿ ಮುಂಬೈ ಬಳಿಯ ಕರಾವಳಿ ಹಳ್ಳಿ ಕಿಹಿಮ್‌ನಲ್ಲಿ ನೆಲೆಸಿದರು. ಮನೆಯ ಹತ್ತಿರವೇ ಗೀಜಗಗಳು ಗೂಡು ನೇಯುತ್ತಿದ್ದವು. ಸಲೀಂ ಅಲಿ ಮರೆಯಲ್ಲಿ ಕುಳಿತು ಅವುಗಳನ್ನು ದಿನವೂ ಗಮನಿಸತೊಡಗಿದರು. ಹಕ್ಕಿಯನ್ನು ಗುಂಡಿಟ್ಟು ಕೊಂದು, ಚರ್ಮ ಸುಲಿದು, ಅಳತೆ ತೆಗೆಯುವುದೇ ಪಕ್ಷಿಶಾಸ್ತ್ರ ಎನ್ನುವ ಕಾಲ ಅದು. ಬದುಕಿರುವ ಹಕ್ಕಿಯ ದಿನಚರಿಯನ್ನು ನೋಡಿದವರು ಕಡಿಮೆ.

ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ಮಾತ್ರ ಅದೇ ಗೂಡಲ್ಲಿ ಸಂಸಾರ, ಆ ಬಳಿಕ ಉಳಿದ ನೇಯ್ಗೆ. ಹೆಣ್ಣು ಮೊಟ್ಟೆಗೆ ಕೂತ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಅಲ್ಲಿಯವರೆಗೆ ಸರಿಯಾಗಿ ತಿಳಿಯದಿದ್ದ ಈ ಸಂಗತಿ ಅವರಿಗೆ ಹೊರದೇಶಗಳಲ್ಲೂ ಹೆಸರು ತಂದಿತು.

ರಂಗನತಿಟ್ಟಿನ ನಂಟು

ಆಮೇಲೆ ಅವರು ಹಿಡಿದದ್ದು ಸಂಸ್ಥಾನಗಳ ಪಕ್ಷಿ ಸಮೀಕ್ಷೆ. ಸಂಬಳ ಬೇಡ, ಬಿಡಾರ ಮತ್ತು ಓಡಾಟದ ಖರ್ಚು ಕೊಟ್ಟರೆ ಸಾಕು ಎಂಬುದು ಅವರ ಷರತ್ತು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಮೈಸೂರು ಹೀಗೆ ಒಂದೊಂದೇ ಸಂಸ್ಥಾನವನ್ನು ಸುತ್ತಿದರು. ಅನೇಕ ಬಿಡಾರಗಳಲ್ಲಿ ಜೊತೆಗಿದ್ದ ತೆಹ್ಮಿನಾ 1939ರಲ್ಲಿ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಎರಡು ವರ್ಷದ ಬಳಿಕ, 1941ರಲ್ಲಿ, ಸಾಮಾನ್ಯ ಓದುಗರಿಗೂ ಹಕ್ಕಿಗಳನ್ನು ಪರಿಚಯಿಸಿದ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಹೊರಬಂತು.

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡ ಸಲೀಂ ಅಲಿ, ಆ ಜಾಗವನ್ನು ಕಾಪಾಡುವಂತೆ ಮೈಸೂರು ಒಡೆಯರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಈ ನಡುಗಡ್ಡೆಗಳು ತಾವಾಗಿಯೇ ಆದವಲ್ಲ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಒಡ್ಡು ಕಟ್ಟಿದ್ದರಿಂದ ಮೂಡಿದವು. ಸುತ್ತಲೂ ನೀರಿರುವುದರಿಂದ ನೆಲದ ಬೇಟೆಗಾರ ಪ್ರಾಣಿಗಳು ಗೂಡಿನ ಹತ್ತಿರ ಸುಳಿಯುವುದು ಕಷ್ಟ. ಹತ್ತಿರದ ಗದ್ದೆಗಳಲ್ಲಿ ಬಸವನಹುಳ, ಮೀನು, ಕಪ್ಪೆ ಸಿಗುತ್ತವೆ. ರೈತನಿಗೆಂದು ಕಟ್ಟಿದ ಒಡ್ಡು ಕೊಕ್ಕರೆಗಳಿಗೆ ಮನೆಯಾಯಿತು.

ಕರ್ನಾಟಕದ ಇನ್ನೊಂದು ನಂಟು ಮಂಗನ ಕಾಯಿಲೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂತು. ಉಣುಗು ಕಚ್ಚಿ ಹರಡುವ ಈ ರೋಗದ ವೈರಸ್ ರಷ್ಯಾ ಕಡೆಯ ವೈರಸ್‌ಗಳನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೇ ಎಂಬ ಪ್ರಶ್ನೆ ಎದ್ದಾಗ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಕೈಗೊಂಡಿತು. ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹಾರುತ್ತವೆ ಎಂಬ ತಿಳಿವಳಿಕೆ ಬೆಳೆದದ್ದು ಇಂಥ ಕೆಲಸದಿಂದ.

ಭರತಪುರದ ಎಮ್ಮೆಗಳು

ರಾಜಸ್ಥಾನದ ಭರತಪುರದ ಜೌಗು ಮಹಾರಾಜರ ಬೇಟೆಯ ತಾಣವಾಗಿತ್ತು. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದು ಉರುಳಿಸಿತ್ತು. ಸ್ವಾತಂತ್ರ್ಯದ ನಂತರ ನೀರು ಬಸಿದು ಹೊಲ ಮಾಡಬೇಕೆಂಬ ಒತ್ತಾಯ ಬಂದಾಗ ಸಲೀಂ ಅಲಿ ಪ್ರಧಾನಿ ನೆಹರೂ ಅವರ ಮೊರೆ ಹೋದರು. ಜೌಗು ಉಳಿಯಿತು, ಮುಂದೆ ಕೇವಲಾದೇವ್ ರಾಷ್ಟ್ರೀಯ ಉದ್ಯಾನವಾಯಿತು.

ಸುತ್ತಲಿನ ಹಳ್ಳಿಯವರು ಅಲ್ಲಿ ತಲೆಮಾರುಗಳಿಂದ ದನ, ಎಮ್ಮೆ ಮೇಯಿಸುತ್ತಿದ್ದರು. ಮೇವಿನಿಂದ ಹಕ್ಕಿಗಳಿಗೆ ತೊಂದರೆ ಎಂಬ ನಿಲುವಿಗೆ ಸಲೀಂ ಅಲಿ ಅವರ ಬೆಂಬಲವೂ ಇತ್ತು. 1982ರಲ್ಲಿ ಮೇವು ನಿಷೇಧವಾಯಿತು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು.

ಬಳಿಕ ನಡೆದದ್ದು ಯಾರೂ ಎಣಿಸದ ಸಂಗತಿ. ಎಮ್ಮೆಗಳು ತಿಂದು ತುಳಿದು ಹದ್ದಿನಲ್ಲಿಡುತ್ತಿದ್ದ ಪಾಸ್ಪಲಂ ಎಂಬ ಹುಲ್ಲು ಕೊಬ್ಬಿ ಬೆಳೆದು ನೀರನ್ನೇ ಮುಚ್ಚಿತು. ಬಯಲು ನೀರು ಕಡಿಮೆಯಾದಂತೆ ಮೀನು ಕುಗ್ಗಿತು, ಅನೇಕ ಜಾತಿಯ ನೀರುಹಕ್ಕಿಗಳ ಸಂಖ್ಯೆ ಇಳಿಯಿತು. ಇದನ್ನು ಲೆಕ್ಕ ಸಮೇತ ತೋರಿಸಿದ್ದು 1980ರಿಂದ ಹತ್ತು ವರ್ಷ ನಡೆದ, ಸಲೀಂ ಅಲಿ ಅವರ ಸೊಸೈಟಿಯದೇ ಅಧ್ಯಯನ. ಅದರ ಅಂತಿಮ ವರದಿ ಬರುವ ಮೊದಲೇ ಅವರು ತೀರಿಕೊಂಡಿದ್ದರು. ಮುಂದೆ ಹಳ್ಳಿಯವರಿಗೆ ಒಳಗೆ ಹೋಗಿ ಹುಲ್ಲು ಕೊಯ್ಯಲು ಅನುಮತಿ ಸಿಕ್ಕಿತು.

ಭರತಪುರದ ಜೌಗೂ ರಂಗನತಿಟ್ಟಿನಂತೆ ಮನುಷ್ಯರು ಕಟ್ಟಿದ ಒಡ್ಡಿನಿಂದಲೇ ಬೆಳೆದದ್ದು. ಅಲ್ಲಿ ಹಕ್ಕಿ, ಮೀನು, ಹುಲ್ಲು, ಎಮ್ಮೆ, ದನಗಾಹಿ ಎಲ್ಲರೂ ಒಂದೇ ಲೆಕ್ಕದಲ್ಲಿ ಸೇರಿದ್ದರು. ಒಂದನ್ನು ತೆಗೆದಾಗ ಉಳಿದವೆಲ್ಲ ಅಲುಗಿದವು.

ಡಿಲ್ಲನ್ ರಿಪ್ಲಿ ಜೊತೆ ಬರೆದ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಹತ್ತು ಸಂಪುಟ, 1976ರ ಪದ್ಮವಿಭೂಷಣ, 1985ರ ರಾಜ್ಯಸಭಾ ಸದಸ್ಯತ್ವ ಇವೆಲ್ಲ ಸಲೀಂ ಅಲಿ ಅವರ ಹೆಸರಿನೊಂದಿಗೆ ಇವೆ. ಭರತಪುರದ ಕಥೆಯೂ ಅದೇ ಸಾಲಿನಲ್ಲಿ ಇರಬೇಕು. ಅವರು ಕಟ್ಟಿ ಬೆಳೆಸಿದ ಸಂಸ್ಥೆ ಅವರ ನಂಬಿಕೆಯನ್ನೇ ನೆಲಕ್ಕಿಳಿದು ಪರೀಕ್ಷಿಸಿ, ಕಂಡದ್ದನ್ನು ಕಂಡಂತೆ ಬರೆಯಿತು. ಕಿಹಿಮ್‌ನಲ್ಲಿ ಗೀಜಗದ ಗೂಡಿನ ಮುಂದೆ ಅವರು ಮಾಡಿದ್ದೂ ಇದೇ ಕೆಲಸ.