ಕಮ್ಮಾರನ ಮಗನೂ ಬೆಂಜೀನೂ

ಪಿ.ಯು.ಸಿ.ಯಲ್ಲಿ ನಾನು ಬೆಂಜೀನಿನ ಗುಣಗಳನ್ನು ಗಿಣಿಪಾಠ ಮಾಡಿದ್ದೆನು: ಬಣ್ಣವಿಲ್ಲದ ದ್ರವ, ನೀರಿನಲ್ಲಿ ಬೆರೆಯದು, ಹೆಪ್ಪುಗಟ್ಟುವುದು 5.5 ಡಿಗ್ರಿ ಸೆಲ್ಸಿಯಸ್ಸಿಗೆ, ಕುದಿಯುವುದು 80ಕ್ಕೆ. ಪರೀಕ್ಷೆ ಮುಗಿಯಿತು, ಅಂಕಿಗಳೂ ಮರೆತವು. ಗಣಿತ ಬಾರದವನಿಗೆ ವಿಜ್ಞಾನವೇಕೆಂದು ಕಲಾವಿಭಾಗಕ್ಕೆ ಸೇರಿದೆನು. ಆಮೇಲೆ ಗ್ರಂಥಾಲಯದಲ್ಲಿ ಮೈಕೆಲ್ ಫ್ಯಾರಡೆಯ ಜೀವನಚರಿತ್ರೆ ಕೈಗೆ ಸಿಕ್ಕಿತು.

ಫ್ಯಾರಡೆಯು 1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಬಳಿ ಬಡ ಕಮ್ಮಾರನ ಮಗನಾಗಿ ಜನಿಸಿದನು. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟೇ ಅವನ ಶಾಲಾವಿದ್ಯೆ. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯನ್ನು ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಬೆಳೆದನು. 1812ರಲ್ಲಿ ಗಿರಾಕಿಯೊಬ್ಬನು ಕೊಟ್ಟ ಟಿಕೆಟ್ಟಿನಿಂದ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳಿಗೆ ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ದೊರೆಯಿತು.

ಆ ದಿನಗಳಲ್ಲಿ ಎಣ್ಣೆಯನ್ನು ಕಾಯಿಸಿ ಪಡೆದ ಅನಿಲವನ್ನು ಸುಮಾರು 30 ವಾಯುಭಾರದಷ್ಟು ಒತ್ತಿ, ಪಾತ್ರೆಗಳಲ್ಲಿ ತುಂಬಿ, ದೀಪಕ್ಕಾಗಿ ಲಂಡನ್ನಿನಲ್ಲಿ ಮಾರುತ್ತಿದ್ದರು. ಒತ್ತಿದಾಗ ಒಂದು ದ್ರವ ಉಳಿಯುತ್ತಿತ್ತು. ಫ್ಯಾರಡೆಯು ಆ ಕಸದಿಂದಲೇ ರಸ ತೆಗೆದನು. ಮತ್ತೆ ಮತ್ತೆ ಬಟ್ಟಿಯಿಳಿಸಿ, ಬೇರೆ ಬೇರೆ ಉಷ್ಣತೆಯಲ್ಲಿ ಬಂದ ಭಾಗಗಳನ್ನು ಬೇರ್ಪಡಿಸಿದನು. ಒಂದು ಭಾಗವನ್ನು ತಣಿಸಲು ಬಿಳಿಯ ಹರಳುಗಳಾದವು. ಹೆಪ್ಪುಗಟ್ಟದ ಎಣ್ಣೆಯನ್ನು ಹಿಂಡಿ ತೆಗೆದನು. ಉಳಿದದ್ದೇ ಬೆಂಜೀನ್. 1825ರ ಜೂನ್‌ನಲ್ಲಿ ಇದನ್ನು ರಾಯಲ್ ಸೊಸೈಟಿಗೆ ತಿಳಿಸಿದನು. ಹೆಪ್ಪುಗಟ್ಟುವ ಉಷ್ಣತೆಯನ್ನು ಅವನು ಅಳೆದದ್ದು ಇಂದಿನ ಅಂಕಿಗೆ ಸರಿಹೋಗುತ್ತದೆ. ಕುದಿಯುವ ಉಷ್ಣತೆ ಮಾತ್ರ ಐದು ಡಿಗ್ರಿಯಷ್ಟು ಹೆಚ್ಚು.

ಅದೇ ದ್ರವದಿಂದ ಅವನು ಒಂದು ಅನಿಲವನ್ನೂ ಪಡೆದನು. ಅದರಲ್ಲಿ ಇಂಗಾಲವೂ ಜಲಜನಕವೂ ಎಥಿಲೀನಿನಲ್ಲಿರುವ ಪ್ರಮಾಣದಲ್ಲಿಯೇ ಇದ್ದವು. ಆದರೆ ಸಾಂದ್ರತೆ ಎರಡರಷ್ಟು! ಘಟಕಗಳ ಪ್ರಮಾಣ ಒಂದೇ ಆದರೂ ವಸ್ತುಗಳು ಬೇರೆಯಾಗಬಹುದೆಂಬುದಕ್ಕೆ ಇದು ಮೊದಲ ಸಾಕ್ಷ್ಯಗಳಲ್ಲೊಂದು. ಬೆಂಜೀನಿನ ಇಂಗಾಲಗಳು ಉಂಗುರವಾಗಿ ಕೂಡಿವೆಯೆಂದು ಕೆಕುಲೆಯು ಸೂಚಿಸಿದ್ದು 1865ರಲ್ಲಿ. ಆಗ ಫ್ಯಾರಡೆಯು ಇನ್ನೂ ಬದುಕಿದ್ದನು.

1831ರಲ್ಲಿ ಅವನು ವಿದ್ಯುತ್‌ಪ್ರೇರಣೆಯನ್ನು ಕಂಡುಹಿಡಿದದ್ದನ್ನು ಎಲ್ಲರೂ ಬಲ್ಲರು. ರಾಯಲ್ ಸೊಸೈಟಿಯ ಅಧ್ಯಕ್ಷಪದವಿ ಬಂದರೂ ಬೇಡವೆಂದನು. 1867ರ ಆಗಸ್ಟ್ 25ರಂದು ತೀರಿಕೊಂಡನು. ಅವನು ತಯಾರಿಸಿದ ಬೆಂಜೀನಿನ ಪುಟ್ಟ ಸೀಸೆ ಈಗಲೂ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದೆ.

ಉನ್ನತ ಗಣಿತ ಅವನಿಗೂ ಬರುತ್ತಿರಲಿಲ್ಲ. ಅದನ್ನೇ ನೆಪಮಾಡಿಕೊಂಡು ನಾನು ಪ್ರಯೋಗಶಾಲೆಯ ಬಾಗಿಲಿನಿಂದಲೇ ಹಿಂದಿರುಗಿದೆನು. ಅವನು ಒಳಗೆ ಹೋಗಿ ಸೀಸೆ ತೊಳೆಯುವುದರಿಂದ ಆರಂಭಿಸಿದನು. ವಿಜ್ಞಾನ ವಿಭಾಗದ ಗೆಳೆಯರೇ, 5.5 ಎಂಬ ಅಂಕಿಯನ್ನು ನೀವು ಬಾಯಿಪಾಠ ಮಾಡುವಾಗ ಆ ಕಮ್ಮಾರನ ಮಗನನ್ನೂ ನೆನೆಯಿರಿ. ನನಗಂತೂ ಅದು ಇನ್ನು ಮರೆಯದು.